ತಾಳೆಯಕ್ಕ ಸಹಿ ಹಾಕಿದ ಕಾಗದ

ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಅದು ಸಂಬಳದ ಚೀಟಿಯ ಮೇಲೆ ಮಾತ್ರ ಅಚ್ಚಾಗುತ್ತಿತ್ತು. ಕಂಪನಿಯ ಮೂರನೇ ಮಹಡಿಯಲ್ಲಿ ಎಲ್ಲರೂ ಅವಳನ್ನು ತಾಳೆಯಕ್ಕ ಎಂದೇ ಕರೆಯುತ್ತಿದ್ದರು. ಒಂದು ಕಾಗದದ ಪಕ್ಕ ಇನ್ನೊಂದು ಕಾಗದ ಇಟ್ಟು ತಾಳೆ ನೋಡುವುದು ಅವಳ ಕೆಲಸ. ಟೈಪಿಸ್ಟ್ ಆಗಿ ಸೇರಿದವಳು ಎರಡು ವರ್ಷಕ್ಕೆ ಆ ಮೇಜಿಗೆ ಬಂದಳು. ಅಲ್ಲಿಂದ ಇಪ್ಪತ್ತಾರು ವರ್ಷ, ಅದೇ ಮೇಜು, ಅದೇ ಕೆಲಸ.

ಕಂಪನಿ ಮಾಡುವುದು ಆಸ್ಪತ್ರೆಯ ಮಂಚ. ಗುಂಡಿ ಒತ್ತಿದರೆ ತಲೆಯ ಕಡೆ ಏಳುವ, ಕಾಲಿನ ಕಡೆ ಇಳಿಯುವ ಮಂಚ. ನಾಲ್ಕು ದೇಶಗಳಲ್ಲಿ ಕಾರ್ಖಾನೆ, ಇಪ್ಪತ್ತಾರು ದೇಶಗಳಲ್ಲಿ ಮಾರಾಟ. ಉಕ್ಕು ಮತ್ತು ಮೋಟಾರು ಕೊಳ್ಳುವುದು ಡಾಲರಿನಲ್ಲಿ, ಮಂಚ ಮಾರುವುದು ಹೆಚ್ಚಾಗಿ ಯೂರೋದಲ್ಲಿ, ಕೆಲಸಗಾರರ ಸಂಬಳ ಆಯಾ ದೇಶದ ಹಣದಲ್ಲಿ. ಇವತ್ತು ಮಂಚ ಹಡಗು ಹತ್ತಿದರೆ ದುಡ್ಡು ಕೈಗೆ ಬರುವುದು ಮೂರು ತಿಂಗಳ ಮೇಲೆ. ಅಷ್ಟರಲ್ಲಿ ಯೂರೋ ಇಳಿಯಿತೆನ್ನಿ. ಮಂಚ ಗಟ್ಟಿಯಾಗಿದೆ, ಕೊಂಡವರು ಹೇಳಿದ ದಿನವೇ ಹಣ ಕಳಿಸಿದ್ದಾರೆ, ಆದರೂ ಕಂಪನಿಗೆ ನಷ್ಟ. ಯಾರ ತಪ್ಪೂ ಇಲ್ಲದ ಈ ನಷ್ಟವನ್ನು ತಡೆಯುವುದಕ್ಕೆಂದೇ ಮೂರನೇ ಮಹಡಿಯಲ್ಲಿ ಟ್ರೆಷರಿ ಎಂಬ ವಿಭಾಗವಿತ್ತು. ಐದು ಮೇಜು, ಒಂದು ಕಿಟಕಿ, ಯಾವಾಗಲೂ ಕೆಟ್ಟಿರುತ್ತಿದ್ದ ಒಂದು ಕಾಫಿ ಯಂತ್ರ.

ಪ್ರತಿ ಬುಧವಾರ ಎಲ್ಲ ದೇಶಗಳ ಶಾಖೆಗಳೂ ಮುಂದಿನ ಒಂಬತ್ತು ತಿಂಗಳಲ್ಲಿ ತಮಗೆ ಯಾವ ಹಣ ಎಷ್ಟು ಬರುತ್ತದೆ, ಎಷ್ಟು ಹೋಗುತ್ತದೆ ಎಂದು ಪಟ್ಟಿ ಕಳಿಸಬೇಕು. ಒಂದು ಶಾಖೆಗೆ ಡಾಲರು ಬರುವುದಿದ್ದು ಇನ್ನೊಂದು ಶಾಖೆ ಡಾಲರು ಕೊಡುವುದಿದ್ದರೆ ಮೊದಲು ಮನೆಯೊಳಗೇ ಹೊಂದಿಸಿಬಿಡುವುದು. ಹೊಂದದೆ ಉಳಿದದ್ದಕ್ಕೆ ಮಾತ್ರ ಬ್ಯಾಂಕಿನ ಬಾಗಿಲು ತಟ್ಟುವುದು. 'ಮೂರು ತಿಂಗಳ ಮೇಲೆ ಇಷ್ಟು ಯೂರೋ ನಿಮಗೆ ಕೊಡುತ್ತೇವೆ, ದರ ಮಾತ್ರ ಈಗಲೇ ಗೊತ್ತುಮಾಡಿ' ಎಂದು ಕರಾರು ಮಾಡಿಕೊಳ್ಳುವುದು. ಇದಕ್ಕೆ ಫಾರ್ವರ್ಡ್ ಎಂದು ಹೆಸರು. ಆಮೇಲೆ ಯೂರೋ ಪಾತಾಳಕ್ಕಿಳಿದರೂ ಕಂಪನಿಗೆ ಬರುವುದು ಅಷ್ಟೇ, ಆಕಾಶಕ್ಕೇರಿದರೂ ಅಷ್ಟೇ. ಕೆಲವು ಶಾಖೆಗಳು ಪಟ್ಟಿ ಕಳಿಸಲು ಮರೆಯುತ್ತಿದ್ದವು. ಶಾಲೆಯ ಬಸ್ಸು ಬಾಗಿಲಲ್ಲಿ ನಿಂತಾಗ 'ಅಮ್ಮಾ, ಇವತ್ತೇ ಚಾರ್ಟ್ ಪೇಪರ್ ಬೇಕು' ಎನ್ನುವ ಮಕ್ಕಳ ಹಾಗೆ, ಗುರುವಾರ ಬೆಳಿಗ್ಗೆ ಫೋನು ಮಾಡಿ ಇನ್ನೂ ಹತ್ತು ಲಕ್ಷ ಸೇರಿಸಿ ಎನ್ನುತ್ತಿದ್ದವು. ತಾಳೆಯಕ್ಕ ಅವುಗಳನ್ನು ಗದರಿಸಿ ದಾರಿಗೆ ತಂದಿದ್ದಳು.

ಬ್ಯಾಂಕಿನ ಜೊತೆ ಫೋನಿನಲ್ಲಿ ದರ ಮಾತಾಡಿ ಕರಾರು ಮುಗಿಸುತ್ತಿದ್ದವನು ಮೂವತ್ತೊಂದು ವರ್ಷದ ಹುಡುಗ. ಅವನ ಮಾತಿನ ವೇಗಕ್ಕೆ ಎಲ್ಲರೂ ಅವನನ್ನು ಮಿಂಚು ಎನ್ನುತ್ತಿದ್ದರು. ಕರಾರಾದ ಕೂಡಲೇ ಮಿಂಚು ಒಂದು ಹಳದಿ ಚೀಟಿ ಬರೆದು ತಾಳೆಯಕ್ಕನ ತಟ್ಟೆಗೆ ಹಾಕಬೇಕು. ಬ್ಯಾಂಕಿನಿಂದ ದೃಢೀಕರಣ ಪತ್ರ ಬರುವುದು ನೇರವಾಗಿ ಅವಳಿಗೆ. ಅದನ್ನು ಮಿಂಚು ಮುಟ್ಟುವಂತಿಲ್ಲ, ಬ್ಯಾಂಕಿನ ಫೋನನ್ನು ಅವಳು ಎತ್ತುವಂತಿಲ್ಲ. ಅಡುಗೆ ಮಾಡಿದವರೇ ಉಪ್ಪು ನೋಡಬಾರದು ಎಂಬ ನಿಯಮ. ಚೀಟಿ, ಪತ್ರ ಎರಡೂ ತಾಳೆಯಾದರೆ ಅವಳ ಸಹಿ. ಅವಳ ಸಹಿ ಬಿದ್ದ ಮೇಲೆ ಅದನ್ನು ಇನ್ನೊಬ್ಬರು ನೋಡುವ ಪದ್ಧತಿ ಇರಲಿಲ್ಲ.

ಮನೆಯಲ್ಲಿ ಅವಳ ಕೆಲಸ ಏನೆಂದು ಕೇಳಿದ್ದು ಅತ್ತೆ ಒಬ್ಬರೇ. ಅತ್ತೆಗೆ ಎಪ್ಪತ್ತೆಂಟು. ನಲವತ್ತು ವರ್ಷ ಹೊಲಿಗೆ ಟೀಚರಾಗಿದ್ದವರು, ತಪ್ಪು ಹೊಲಿಗೆಯನ್ನು ಬೆರಳಿನಿಂದಲೇ ಗುರುತಿಸುವವರು.

"ಕಂಪನಿಗೆ ಕಾರ್ಖಾನೆ ಕಟ್ಟೋಕೆ ದೊಡ್ಡ ಸಾಲ ಇದೆ ಅತ್ತೆ. ಮೂರು ತಿಂಗಳಿಗೊಂದ್ಸಲ ಅದರ ಬಡ್ಡಿ ಏರುತ್ತೆ, ಇಳಿಯುತ್ತೆ. ಅದಕ್ಕೇ ಇನ್ನೊಂದು ಬ್ಯಾಂಕಿನ ಜೊತೆ ಒಪ್ಪಂದ ಮಾಡ್ಕೊಂಡಿದ್ದೀವಿ. ಏರುಪೇರೆಲ್ಲ ನೀವು ಹೊತ್ಕೊಳ್ಳಿ, ನಾವು ನಿಮಗೆ ಐದು ವರ್ಷ ಒಂದೇ ಸಮ ಕೊಡ್ತಾ ಹೋಗ್ತೀವಿ ಅಂತ. ಸ್ವಾಪ್ ಅಂತಾರೆ."

"ಏರುಪೇರು ಹೊತ್ಕೊಳ್ಳೋಕೂ ಜನ ಸಿಗ್ತಾರಾ?"

"ಸಿಗ್ತಾರೆ. ಅದಕ್ಕೆ ದುಡ್ಡು ತಗೋತಾರೆ."

"ವಿಳಾಸ ತಗೊಂಡು ಬಾ ನಾಳೆ," ಎಂದರು ಅತ್ತೆ. "ಈ ಮನೇದೂ ಕೊಟ್ಟುಬಿಡೋಣ."

ಮಾತು ತಮಾಷೆಯದೇ. ಆದರೆ ಆ ಮನೆಯ ಏರುಪೇರನ್ನು ಹೊರುತ್ತಿದ್ದವರು ಯಾರೆಂಬುದು ಇಬ್ಬರಿಗೂ ಗೊತ್ತಿತ್ತು. ಗಂಡನಿಗೆ ನೀರು ಸರಬರಾಜು ಕಚೇರಿಯಲ್ಲಿ ಕೆಲಸ. ಒಂಬತ್ತಕ್ಕೆ ಹೊರಡುವುದು, ಆರಕ್ಕೆ ಬರುವುದು. ಮಳೆಗೂ ಬಿಸಿಲಿಗೂ ಜ್ವರಕ್ಕೂ ಅದು ಬದಲಾಗುತ್ತಿರಲಿಲ್ಲ. ಅವನದು ಸ್ಥಿರ ದರ. ನಲ್ಲಿ ಸೋರಿದರೆ, ಗ್ಯಾಸು ಮುಗಿದರೆ, ನಾದಿನಿಯ ಮಗುವಿಗೆ ಹುಷಾರು ತಪ್ಪಿದರೆ, ಕೆಲಸದವಳು ಬರದಿದ್ದರೆ ಬದಲಾಗುತ್ತಿದ್ದದ್ದು ತಾಳೆಯಕ್ಕನ ದಿನ. ಇದಕ್ಕಾಗಿ ಅವಳಿಗೆ ಯಾವ ಬ್ಯಾಂಕೂ ದುಡ್ಡು ಕೊಡುತ್ತಿರಲಿಲ್ಲ. ಆ ವರ್ಷ ಅವಳು ಹನ್ನೊಂದು ಅರ್ಧ ದಿನ ರಜೆ ಹಾಕಿದ್ದಳು. ಹನ್ನೊಂದರಲ್ಲಿ ಒಂದೂ ಅವಳಿಗಾಗಿ ಹಾಕಿದ್ದಲ್ಲ. ಅವಳ ಹಲ್ಲುನೋವು ಭಾನುವಾರಗಳಲ್ಲೇ ಬಂದು ಹೋಗುತ್ತಿತ್ತು.

ಆಗ ವಿಭಾಗದಲ್ಲಿ ಒಂದು ಕುರ್ಚಿ ಖಾಲಿಯಾಗಿತ್ತು. ಪರಿಶೀಲನೆಯ ಮುಖ್ಯಸ್ಥರು ನಿವೃತ್ತರಾಗಿ ನಾಲ್ಕು ತಿಂಗಳಾಗಿತ್ತು. ಅದಕ್ಕೆ ಮುಂಚೆ ಎರಡು ಸಲ ಆ ಕುರ್ಚಿ ಖಾಲಿಯಾದಾಗ ಎರಡು ಸಲವೂ ಅವಳನ್ನು ದಾಟಿ ಹೋಗಿತ್ತು. ಕೆಲಸದ ಬಗ್ಗೆ ಯಾರೂ ಏನೂ ಅಂದಿರಲಿಲ್ಲ. 'ಪಾಪ, ಅವರಿಗೆ ಮನೆ ಜವಾಬ್ದಾರಿ ಜಾಸ್ತಿ' ಎಂದಿದ್ದರು, ಅವಳ ಮೇಲೆ ಉಪಕಾರ ಮಾಡುವವರ ಹಾಗೆ. ಈ ಸಲ ಸಂದರ್ಶನಕ್ಕೆ ಕರೆದಿದ್ದರು. ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ. ಐವತ್ತೆರಡನೇ ವಯಸ್ಸಿನಲ್ಲಿ ಇನ್ನೊಂದು ಸಲ ಕರೆಯುವವರಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಅದಕ್ಕೇ ಆ ಗುರುವಾರ ಅತ್ತೆಯನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗುವ ಕೆಲಸವನ್ನು ಮದುವೆಯಾದ ಮೇಲೆ ಮೊದಲ ಬಾರಿಗೆ ಗಂಡನಿಗೆ ಒಪ್ಪಿಸಿದ್ದಳು. ಅತ್ತೆಯ ಬಲಗಣ್ಣಿನ ಪೊರೆ ತೆಗೆದು ಹತ್ತು ದಿನವಾಗಿತ್ತು, ಎಡಗಣ್ಣಿನದು ಮುಂದಿನ ತಿಂಗಳು. ಆಪರೇಷನ್ನಿನ ದಿನ, ಅದಾದ ಮೂರು ದಿನಕ್ಕೆ, ಎರಡು ಸಲವೂ ಅವಳೇ ಹೋಗಿದ್ದಳು.

"ನನಗೆ ಆ ಆಸ್ಪತ್ರೆಯ ದಾರಿಯೇ ಸರಿಯಾಗಿ ಗೊತ್ತಿಲ್ಲ," ಎಂದಿದ್ದ ಗಂಡ.

"ಊರಿಗೆಲ್ಲ ಪೈಪು ಎಲ್ಲಿ ಹೋಗಿದೆ ಅಂತ ಗೊತ್ತು, ಆಸ್ಪತ್ರೆ ಗೊತ್ತಿಲ್ಲ," ಎಂದರು ಅತ್ತೆ. "ನಾನು ತೋರಿಸ್ತೀನಿ ನಡಿ. ಒಂದು ಕಣ್ಣು ಕಾಣುತ್ತಲ್ಲ."

ಗುರುವಾರ ಹನ್ನೊಂದೂಕಾಲು. ತಾಳೆಯಕ್ಕ ಒಂದು ಬ್ಯಾಂಕಿನಿಂದ ಬಂದ ಡಾಲರಿನ ಪತ್ರ ನೋಡುತ್ತಿದ್ದಳು. ಅದು ಹಳದಿ ಚೀಟಿಗೆ ತಾಳೆಯಾಗಲಿಲ್ಲ. ಚೀಟಿಯ ಪ್ರಕಾರ ಕಂಪನಿ ಡಾಲರು ಕೊಳ್ಳಬೇಕು. ಪತ್ರದ ಪ್ರಕಾರ ಕೊಡಬೇಕು. ಇಂಥ ಪತ್ರದಲ್ಲಿ ಎರಡು ಕಾಲಂ. ಇಪ್ಪತ್ತಾರು ವರ್ಷದಿಂದ ಎಡಗಡೆಯ ಕಾಲಮ್ಮಿನಲ್ಲಿರುವುದು ಬ್ಯಾಂಕು ಪಡೆಯುವ ಹಣ, ಬಲಗಡೆಯದು ಬ್ಯಾಂಕು ಕೊಡುವ ಹಣ. ಪತ್ರ ಬರೆಯುವುದು ಬ್ಯಾಂಕು, ಆದ್ದರಿಂದ ಲೆಕ್ಕವೂ ಬ್ಯಾಂಕಿನ ಕಡೆಯಿಂದಲೇ. ಕನ್ನಡಿಯಲ್ಲಿ ತಲೆ ಬಾಚಿಕೊಳ್ಳುವವರಿಗೆ ಕೈ ತಾನಾಗಿ ತಿರುಗುವ ಹಾಗೆ ಅವಳ ಕಣ್ಣು ತಾನಾಗಿ ಎಡವನ್ನು ಬಲ ಮಾಡಿಕೊಂಡು ಓದುತ್ತಿತ್ತು. ಇದೇನು ಎಂದು ಪುಟದ ಕೆಳಗೆ ನೋಡಿದಳು. ಇರುವೆ ಗಾತ್ರದ ಅಕ್ಷರದಲ್ಲಿ ಒಂದು ಸಾಲಿತ್ತು: ಗ್ರಾಹಕರ ಅನುಕೂಲಕ್ಕಾಗಿ ಈ ತಿಂಗಳಿನಿಂದ ಎಡ ಕಾಲಮ್ಮಿನಲ್ಲಿ ಗ್ರಾಹಕರು ಪಡೆಯುವ ಹಣ, ಬಲದಲ್ಲಿ ಗ್ರಾಹಕರು ಕೊಡುವ ಹಣ.

ಹಾಗಾದರೆ ಈ ಪತ್ರ ಸರಿಯಾಗಿಯೇ ಇದೆ. ಅವಳು ಪೆನ್ನಿನ ಮುಚ್ಚಳ ತೆಗೆದಳು. ತೆಗೆದವಳು ಹಾಗೆಯೇ ಕೂತಳು. ಇದೇ ಬ್ಯಾಂಕಿನ ಇನ್ನೊಂದು ಪತ್ರಕ್ಕೆ ಹೋದ ಗುರುವಾರ ಸಹಿ ಹಾಕಿದ್ದಳು. ಅದು ತಾಳೆಯಾಗಿತ್ತು.

ಹೊಸ ಕ್ರಮದ ಪತ್ರ ಹಳೆಯ ಕಣ್ಣಿಗೆ ತಾಳೆಯಾಗಿದೆ ಎಂದರೆ ಕರಾರೇ ತಿರುಗಾಮುರುಗಾ.

ಕಪಾಟಿನಿಂದ ಫೈಲು ತೆಗೆದಳು. ಐವತ್ತು ಲಕ್ಷ ಯೂರೋ, ಮೂರು ತಿಂಗಳು. ಹಳದಿ ಚೀಟಿಯಲ್ಲಿ ಮಿಂಚಿನ ಕೈಬರಹ: ಯೂರೋ ಮಾರಾಟ. ಪತ್ರದ ಎಡ ಕಾಲಮ್ಮಿನಲ್ಲಿ: ಯೂರೋ. ಅಂದರೆ ಕಂಪನಿ ಮಾರಿರಲಿಲ್ಲ, ಕೊಂಡಿತ್ತು. ಬರಬೇಕಾದ ಐವತ್ತು ಲಕ್ಷ ಹೇಗೂ ಬರುತ್ತದೆ, ಅದರ ಮೇಲೆ ಇನ್ನೂ ಐವತ್ತು. ಬಿಸಿಲಿಗೆ ಕೊಡೆ ಬೇಕೆಂದು ಹೋಗಿ ಇನ್ನೊಂದು ಸೂರ್ಯನನ್ನು ಕೊಂಡು ತಂದಂತಾಗಿತ್ತು. ಯೂರೋ ನೂರಕ್ಕೆ ಒಂದರಷ್ಟು ಇಳಿದರೂ ಒಂದು ಲಕ್ಷ ಯೂರೋ ನಷ್ಟ, ಎಂಬತ್ತು ಮಂಚಗಳ ಬೆಲೆ. ಪತ್ರದ ಕೆಳಗೆ ಅವಳದೇ ಸಹಿ, ಪಕ್ಕದಲ್ಲಿ ವೇಳೆ: ಹನ್ನೆರಡು ಇಪ್ಪತ್ತೆಂಟು. ಅವತ್ತು ಹನ್ನೆರಡೂವರೆಗೆ ಹೊರಟರೆ ಮಾತ್ರ ಅತ್ತೆಯನ್ನು ಒಂದೂವರೆಗೆ ಆಸ್ಪತ್ರೆ ತಲುಪಿಸಲು ಆಗುತ್ತಿತ್ತು. ಕಾಲಂ ಬದಲಾದದ್ದನ್ನು ತಿಳಿಸಿ ಬ್ಯಾಂಕು ಕಳಿಸಿದ್ದ ಸೂಚನೆ ಬಂದದ್ದು ಆಪರೇಷನ್ನಿನ ದಿನ. ಮರುದಿನ ಓದದೆ ಉಳಿದಿದ್ದ ಅರವತ್ತು ಮೇಲ್‌ಗಳಲ್ಲಿ ಅದೂ ಒಂದಾಗಿತ್ತು. 'ನಿಮ್ಮ ಅನುಕೂಲಕ್ಕಾಗಿ' ಎಂಬ ತಲೆಬರಹ ನೋಡಿ ಜಾಹೀರಾತಿರಬೇಕೆಂದು ಅವಳು ಬಿಟ್ಟಿದ್ದಳು.

ಮಿಂಚನ್ನು ಕರೆದಳು. ಅವನು ಎರಡೂ ಕಾಗದ ನೋಡಿದ. ಅವನ ಮುಖದ ಬಣ್ಣ ಹೋಯಿತು.

"ಅವತ್ತು ಒಳ್ಳೇ ದರ ಸಿಕ್ತು ಅಂತ ಬೀಗಿದ್ಯಲ್ಲ," ಎಂದಳು ತಾಳೆಯಕ್ಕ. "ಅದು ಕೊಳ್ಳೋರಿಗೆ ಬ್ಯಾಂಕು ಹಾಕೋ ಹೆಚ್ಚಿನ ದರ. ಅದಕ್ಕೇ ಚೆನ್ನಾಗಿತ್ತು. ಫೋನಿಡೋ ಮುಂಚೆ ನಾವು ಯೂರೋ ಕೊಡ್ತೀವಿ ಅಂತ ತಿರುಗಿ ಹೇಳಿದ್ಯಾ?"

"ಹೇಳಿದ್ದೆ ಅನ್ಸುತ್ತೆ ಅಕ್ಕ."

"ಅನ್ಸುತ್ತಾ?"

ಅವನು ಕುರ್ಚಿಯ ಮೇಲೆ ಕೂತ. ಬ್ಯಾಂಕಿನವನು ಹಿಂದಿನ ವಾರದ ಹಾಗೆ ಇದೂ ಕೊಳ್ಳುವುದೇ ಎಂದುಕೊಂಡಿರಬೇಕು, ತಾನು ಐವತ್ತು ಲಕ್ಷ, ಮೂರು ತಿಂಗಳು, ಮುಗಿಸಿ ಎಂದಷ್ಟೇ ಹೇಳಿರಬೇಕು ಎಂದು ಮೆಲ್ಲಗೆ ಒಪ್ಪಿಕೊಂಡ. ಆಮೇಲೆ ಪರದೆಯ ಕಡೆ ನೋಡಿದ. ಮುಖಕ್ಕೆ ಸ್ವಲ್ಪ ಜೀವ ಬಂತು.

"ಅಕ್ಕ, ಯೂರೋ ಸ್ವಲ್ಪ ಏರಿದೆ. ಈಗ ನಾವು ಲಾಭದಲ್ಲೇ ಇದ್ದೀವಿ. ಸಂಜೆ ನಾಲ್ಕೂಕಾಲಿಗೆ ಯೂರೋ ದೇಶಗಳ ಬಡ್ಡಿ ದರ ಘೋಷಣೆ ಇದೆ. ಬಡ್ಡಿ ಏರಿಸ್ತಾರೆ, ಅದರ ಜೊತೆ ಯೂರೋನೂ ಏರುತ್ತೆ ಅಂತ ಎಲ್ಲರೂ ಹೇಳ್ತಿದ್ದಾರೆ. ಅದಾದ ಮೇಲೆ ಸರಿ ಮಾಡಿದ್ರೆ ಬೈಯೋ ಬದಲು ಬೆನ್ನು ತಟ್ತಾರೆ."

"ಇಳಿದ್ರೆ?"

"ಇಳಿಯಲ್ಲ."

"ಇಳಿಯಲ್ಲ ಅಂತ ಗೊತ್ತಿದ್ರೆ ಈ ವಿಭಾಗ ಯಾಕಪ್ಪ ಬೇಕು? ನಮ್ಮಿಬ್ಬರಿಗೂ ಸಂಬಳ ಯಾಕೆ?"

ಮಿಂಚು ದನಿ ತಗ್ಗಿಸಿದ. "ನಾಳೆ ನಿಮ್ಮ ಸಂದರ್ಶನ. ಇವತ್ತು ಹೋಗಿ ಹೇಳಿದ್ರೆ ಅವರಿಗೆ ಸಾಕು. ಅರ್ಧ ದಿನ ರಜೆ, ಅವಸರದ ಸಹಿ ಅಂತ ಬರೆದುಬಿಡ್ತಾರೆ. ಸೋಮವಾರ ಸಿಕ್ತು ಅಂತ ಹೇಳಿ. ನಾನೂ ಬಾಯಿ ಬಿಡಲ್ಲ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

ಅವನಿಗೂ ಕೆಲಸದ ಭಯವಿತ್ತು. ಆದರೆ ಮಾತು ಸುಳ್ಳಾಗಿರಲಿಲ್ಲ. ಅವಳು ಎದ್ದು ಮೆಟ್ಟಿಲ ಹತ್ತಿರ ಹೋಗಿ ನಿಂತಳು. ನಾಳೆ ಹನ್ನೊಂದರವರೆಗೆ ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಅಷ್ಟು ವರ್ಷ ಮುಚ್ಚಿಕೊಂಡವಳಿಗೆ ಇನ್ನೊಂದು ದಿನ ಏನು ಮಹಾ. ಇಳಿದರೆ ಎಂಬತ್ತು ಮಂಚ, ನೂರ ಅರವತ್ತು ಮಂಚ, ಏರಿದರೆ ಕುರ್ಚಿ. ಹೀಗೆ ಯೋಚಿಸುವುದು ಜೂಜಾಡುವವರು ಎಂದು ಅವಳಿಗೆ ಹೊಳೆಯುವುದಕ್ಕೂ ಕೈಯಲ್ಲಿದ್ದ ಫೋನು ಹೊಡೆದುಕೊಳ್ಳುವುದಕ್ಕೂ ಸರಿಹೋಯಿತು. ಗಂಡ.

"ಯಾವ ಕಣ್ಣು ಅಂತ ಕೇಳ್ತಿದ್ದಾರೆ ಕಣೇ."

"ನಿಮ್ಮ ಅಮ್ಮನ ಮುಖ ನೋಡಿ. ಹತ್ತಿ ಅಂಟಿಸಿರೋ ಕಣ್ಣು."

"ಹಳೇ ರಿಪೋರ್ಟು ಕೇಳ್ತಿದ್ದಾರೆ."

"ಹಸಿರು ಫೈಲಿನಲ್ಲಿದೆ."

"ಹಸಿರು ಫೈಲು ಎಲ್ಲಿ?"

ಹಿಂದಿನಿಂದ ಅತ್ತೆಯ ದನಿ ಕೇಳಿಸಿತು. "ನಿನ್ನ ಕಂಕುಳಲ್ಲಿದೆ ಕಣೋ."

ಫೋನಿಟ್ಟಳು. ನಗು ಬಂತು, ಅದರ ಹಿಂದೆಯೇ ಕಣ್ಣಲ್ಲಿ ನೀರೂ ಬಂತು. ಮೇಜಿಗೆ ಹಿಂದಿರುಗಿ ಎರಡೂ ಪತ್ರಗಳ ಫೈಲು ಎತ್ತಿಕೊಂಡು ಡೈರೆಕ್ಟರ್ ಮೇಡಂ ಕೋಣೆಯ ಕಡೆ ನಡೆದಳು. ಬಾಗಿಲು ತಟ್ಟಬೇಕು, ಅಷ್ಟರಲ್ಲಿ ಮತ್ತೆ ಫೋನು.

"ಇಲ್ಲಿ ಕ್ಯಾಂಟೀನ್ ಎಲ್ಲಿದೆ ಗೊತ್ತಾ?"

"ರೀ, ನಾನು ಈಗ ಫೋನ್ ಆಫ್ ಮಾಡ್ತಿದ್ದೀನಿ."

"ಏನಾಯ್ತು?"

"ಏನಿಲ್ಲ. ಕೆಲಸ ಮಾಡ್ತಿದ್ದೀನಿ," ಎಂದು ಆಫ್ ಮಾಡಿದಳು. ಆ ಫೋನು ಹಗಲು ಹೊತ್ತಿನಲ್ಲಿ ಆಫ್ ಆದದ್ದು ಅದೇ ಮೊದಲು.

ಡೈರೆಕ್ಟರ್ ಮೇಡಂ ಅವಳಿಗಿಂತ ಹತ್ತು ವರ್ಷ ಚಿಕ್ಕವರು, ಕಂಪನಿಗೆ ಬಂದು ಇನ್ನೂ ಎಂಟು ತಿಂಗಳು. ನಾಳೆ ಸಂದರ್ಶನ ಮಾಡುವವರಲ್ಲಿ ಅವರೂ ಒಬ್ಬರು. ತಾಳೆಯಕ್ಕ ಪೀಠಿಕೆ ಹಾಕಲಿಲ್ಲ. ಕಾಗದಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, ಯಾವ ಕಾಲಂ ಹೇಗೆ ಓದಬೇಕಿತ್ತು, ತಾನು ಹೇಗೆ ಓದಿದೆ ಎಂದು ಬೆರಳಿಟ್ಟು ತೋರಿಸಿದಳು.

"ಇದನ್ನ ಕಂಡುಹಿಡಿದದ್ದು ಯಾರು?"

"ನಾನೇ."

"ಸಹಿ ಯಾರದು?"

"ಅದೂ ನಂದೇ."

ಮೇಡಂ ಒಂದು ಕ್ಷಣ ಅವಳ ಮುಖವನ್ನೇ ನೋಡಿದರು. "ಗೊತ್ತಾಗಿ ಎಷ್ಟು ಹೊತ್ತಾಯ್ತು?"

"ಇಪ್ಪತ್ತೈದು ನಿಮಿಷ. ಅದರಲ್ಲಿ ಹತ್ತು ನಿಮಿಷ ಹೇಳಲೋ ಬೇಡವೋ ಅಂತ ಯೋಚನೆ ಮಾಡ್ತಿದ್ದೆ ಮೇಡಂ."

ಅದನ್ನು ಹೇಳಬೇಕಾಗಿರಲಿಲ್ಲ. ಬಾಯಿಂದ ಜಾರಿತ್ತು. ಮೇಡಂ ಫೋನೆತ್ತಿ ಮಿಂಚನ್ನು ಕರೆಸಿದರು. ಬ್ಯಾಂಕಿನ ಜೊತೆಗಿನ ಕರೆಗಳೆಲ್ಲ ರೆಕಾರ್ಡ್ ಆಗುತ್ತಿದ್ದವು. ಹೋದ ಗುರುವಾರದ್ದನ್ನು ಹಾಕಿ ಕೇಳಿದರು. ನಲವತ್ತು ಸೆಕೆಂಡಿನ ಮಾತು. ಅದರಲ್ಲಿ ಮಾರುತ್ತೇವೆ ಎಂಬ ಮಾತು ಎಲ್ಲೂ ಇರಲಿಲ್ಲ. ಮಿಂಚು ನೆಲ ನೋಡುತ್ತಿದ್ದ.

"ಒಂದು ಕೋಟಿ ಮಾರಬೇಕು," ಎಂದರು ಮೇಡಂ. "ಐವತ್ತು ಲಕ್ಷ ತಪ್ಪನ್ನ ಅಳಿಸೋಕೆ, ಇನ್ನೈವತ್ತು ಮೊದಲೇ ಮಾಡಬೇಕಾಗಿದ್ದಕ್ಕೆ. ಈಗಲೇ. ನಾಲ್ಕೂಕಾಲರ ಮಾತು ಯಾರೂ ಆಡಬೇಡಿ."

ಮಿಂಚು ಮೇಡಂ ಎದುರಿಗೇ ಬ್ಯಾಂಕಿಗೆ ಫೋನು ಮಾಡಿದ. ಈ ಸಲ ಶಾಲೆಯ ಮಗು ಪಾಠ ಒಪ್ಪಿಸಿದ ಹಾಗೆ ನಿಧಾನವಾಗಿ, ಒಂದೊಂದೇ ಪದ ಬಿಡಿಸಿ, ಎರಡು ಸಲ ಹೇಳಿದ. ಹನ್ನೆರಡು ಗಂಟೆ ಆರು ನಿಮಿಷಕ್ಕೆ ಮುಗಿಯಿತು. ಯೂರೋ ಏರಿದ್ದರಿಂದ ಬಂದ ಅಲ್ಪ ಲಾಭವನ್ನು ಬ್ಯಾಂಕಿನ ಕಮಿಷನ್ನು ನುಂಗಿತ್ತು. ಲೆಕ್ಕ ಹಾಕಿದರೆ ಕಂಪನಿಗೆ ಕೊನೆಗೆ ಆದ ನಷ್ಟ ಎರಡು ಮಂಚದ ಬೆಲೆ. ಹೊಸ ಪತ್ರ ಬಂದಾಗ ತಾಳೆಯಕ್ಕ ಪುಟದ ಕೆಳಗಿನ ಇರುವೆ ಅಕ್ಷರದಿಂದ ಓದಲು ಶುರುಮಾಡಿದಳು. ತಾಳೆಯಾಯಿತು. ತನ್ನ ಪಕ್ಕದಲ್ಲಿ ಇನ್ನೊಂದು ಸಹಿ ಬೇಕೆಂದು ಮೇಡಂ ಅವರಿಂದಲೂ ಹಾಕಿಸಿದಳು. ಹೋದ ಜೀವ ಬಂದಂತಾಯಿತು. ಹಸಿವಾಗಿದೆ ಎಂದು ಆಗ ಗೊತ್ತಾಯಿತು.

ನಾಲ್ಕೂಕಾಲಿಗೆ ಎಲ್ಲರೂ ಪರದೆಯ ಮುಂದೆ ಸೇರಿದರು. ಅವಳು ಹೋಗಲಿಲ್ಲ. ಕಿಟಕಿಯ ಹತ್ತಿರ ನಿಂತು ಟೀ ಕುಡಿಯುತ್ತಿದ್ದಳು. ಬಡ್ಡಿ ಏರಿತು, ಯೂರೋ ಏರಿತು. ಮಿಂಚು ಬಂದು ಪಕ್ಕದಲ್ಲಿ ನಿಂತ.

"ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಕ್ಕ. ಒಂದೂಕಾಲು ಲಕ್ಷ ಯೂರೋ. ನೂರು ಮಂಚ."

ಅವರ ಹಿಂದೆ ಹೋಗುತ್ತಿದ್ದ ಡೈರೆಕ್ಟರ್ ಮೇಡಂ ನಿಂತರು. "ಬಂದಿದ್ರೆ ಏನಂತ ಬರೀಬೇಕಿತ್ತು? ನಾವು ಅಡ್ಡಾದಿಡ್ಡಿ ಮಾಡಿದ ಕೆಲಸದಿಂದ ಬಂದ ಲಾಭ ಅಂತಾನಾ?"

ತಾಳೆಯಕ್ಕ ಟೀ ಮುಗಿಸಿದಳು. ಏರಿದ್ದಕ್ಕೆ ಹೊಟ್ಟೆ ಉರಿಯುವುದೇ ಎಂದು ತನ್ನನ್ನೇ ಕೇಳಿಕೊಂಡಳು. ಉರಿಯಲಿಲ್ಲ. ಇಡೀ ಮಧ್ಯಾಹ್ನ ಆ ಪರದೆಯ ಕಡೆ ನೋಡದೆ ಕಳೆದಿದ್ದಳು, ಅದೇ ಸಾಕಾಗಿತ್ತು. ಆದರೆ ನಾಳೆಯದು ಬೇರೆ. ಕುರ್ಚಿ ಹೋಯಿತೆಂದು ಅವಳು ಒಳಗೊಳಗೇ ಒಪ್ಪಿಕೊಂಡಿದ್ದಳು.

ಶುಕ್ರವಾರ ಹನ್ನೊಂದಕ್ಕೆ ಕೋಣೆಯಲ್ಲಿ ಇಬ್ಬರಿದ್ದರು, ಮೇಡಂ ಮತ್ತು ಸಿಬ್ಬಂದಿ ವಿಭಾಗದ ಅಧಿಕಾರಿ. ಅಧಿಕಾರಿಯ ಮುಂದೆ ಅವಳ ರಜೆಯ ಪಟ್ಟಿ ಇತ್ತು.

"ಹನ್ನೊಂದು ಅರ್ಧ ದಿನ," ಎಂದರು. "ತಪ್ಪು ತಿಳ್ಕೋಬೇಡಿ. ಈ ಹುದ್ದೆಗೆ ಪೂರ್ತಿ ಗಮನ ಬೇಕು. ನಿನ್ನೆ ಬೆಳಕಿಗೆ ಬಂದ ತಪ್ಪೂ ಒಂದು ಅರ್ಧ ದಿನದ್ದೇ ಅಲ್ವಾ?"

"ಹೌದು ಸರ್. ನಿಮ್ಮ ಮನೇಲಿ ನಲ್ಲಿ ಕೆಟ್ಟರೆ ರಿಪೇರಿಯವನಿಗೆ ಬಾಗಿಲು ತೆಗೆಯೋರು ಯಾರು?"

ಅಧಿಕಾರಿ ತಿರುಗಿ ಮೇಡಂ ಕಡೆ ನೋಡಿದರು. ಮೇಡಂ ಕಾಗದ ನೋಡುತ್ತಿದ್ದರು. "ನನ್ನ ಹೆಂಡತಿ," ಎಂದರು ಅಧಿಕಾರಿ.

"ಅವರು ಮನೇಲೇ ಇರ್ತಾರಾ?"

"ಇಲ್ಲ, ವಿಮಾ ಕಚೇರಿಯಲ್ಲಿ ಕೆಲಸ."

"ಹಾಗಾದ್ರೆ ಅಲ್ಲೂ ಯಾರೋ ಒಬ್ಬರು ಅವರ ಅರ್ಧ ದಿನ ಎಣಿಸ್ತಿರ್ತಾರೆ ಸರ್."

ಮೇಡಂ ಕೆಮ್ಮಿದರು, ಅಥವಾ ಕೆಮ್ಮಿದ ಹಾಗೆ ಮಾಡಿದರು. "ಈ ಕುರ್ಚಿ ನಿಮಗೆ ಕೊಟ್ರೆ ಮೊದಲು ಏನು ಮಾಡ್ತೀರಿ?"

"ನನ್ನ ಸಹಿ ಒಂದೇ ಸಾಲದು ಅಂತ ಮಾಡ್ತೀನಿ," ಎಂದಳು ತಾಳೆಯಕ್ಕ. ರಾತ್ರಿಯೆಲ್ಲ ಯೋಚಿಸಿದ ಮಾತಲ್ಲ ಅದು, ನಾಲಿಗೆಯ ಮೇಲೇ ಇದ್ದದ್ದು. "ದುಡ್ಡೆಲ್ಲ ಒಂದೇ ಬ್ಯಾಂಕಿನಲ್ಲಿಡಬಾರದು ಅಂತ ನಮ್ಮಲ್ಲಿ ನಿಯಮ ಇದೆ. ತಾಳೆ ನೋಡೋದನ್ನ ಮಾತ್ರ ಒಬ್ಬಳ ಕಣ್ಣಿಗೆ ಬಿಟ್ಟಿದ್ದೀವಿ. ನಾನು ಮಧ್ಯಾಹ್ನ ಇಲ್ಲದಿದ್ರೆ ಕಾಗದಗಳು ಹಾಗೇ ಕಾಯ್ತವೆ. ಇಲ್ಲಾ, ಹೊರಡೋ ಮುಂಚೆ ನಾನು ಓಡ್ತಾ ಓಡ್ತಾ ಸಹಿ ಹಾಕ್ತೀನಿ. ಇನ್ನೊಬ್ಬರಿಗೆ ಈ ಕೆಲಸ ಕಲಿಸಬೇಕು. ದೊಡ್ಡ ಮೊತ್ತಕ್ಕೆ ಇಬ್ಬರ ಸಹಿ ಬೇಕು."

"ಇದನ್ನ ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ಯಾರೂ ಕೇಳಲಿಲ್ಲ ಮೇಡಂ," ಎಂದಳು. "ಅಷ್ಟೇ ಅಲ್ಲ. ನಾನಿಲ್ಲದೆ ನಡೆಯಲ್ಲ ಅನ್ನೋದು ನನಗೂ ಒಂದು ಹೆಮ್ಮೆ ಆಗಿತ್ತು. ಇಲ್ಲೂ, ಮನೇಲೂ."

ಸಂಜೆ ನಾಲ್ಕಕ್ಕೆ ಎರಡು ಲಕೋಟೆ ಬಂದವು. ಮೊದಲು ಒಡೆದದ್ದು ಎಚ್ಚರಿಕೆ ಪತ್ರ. ದೃಢೀಕರಣವನ್ನು ಸರಿಯಾಗಿ ಪರಿಶೀಲಿಸದೆ ಸಹಿ ಮಾಡಿದ್ದಕ್ಕೆ, ಮುಂದೆ ಹೀಗಾಗಬಾರದು ಎಂದು. ಮಿಂಚಿಗೂ ಅಂಥದೇ ಒಂದು ಬಂದಿತ್ತು, ಅವನದು ಇನ್ನೂ ಖಾರವಾಗಿತ್ತು. ಎರಡನೆಯದನ್ನು ಒಡೆಯಲು ಅವಳಿಗೆ ಮನಸ್ಸು ಬರಲಿಲ್ಲ. ಮಿಂಚು ಕಸಿದುಕೊಂಡು ಒಡೆದ. ಓದಿ, ತಾನು ಕೂತಿದ್ದ ಕುರ್ಚಿಯಿಂದ ಎದ್ದು ನಿಂತ.

"ಕೂತ್ಕೋ ಮಾರಾಯ," ಎಂದಳು ಅವಳು. ಕುರ್ಚಿ ತನ್ನದಾಯಿತೆಂದು ಅರ್ಥವಾಗಿತ್ತು. ಭುಜಗಳು ತಾವಾಗಿ ಕೆಳಗಿಳಿದವು. ಇಷ್ಟು ವರ್ಷ ಅವುಗಳನ್ನು ಎತ್ತಿ ಹಿಡಿದುಕೊಂಡಿದ್ದೆ ಎಂದು ಅವಳಿಗೇ ಗೊತ್ತಿರಲಿಲ್ಲ.

ಮನೆಯಲ್ಲಿ ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು ಸೋಫಾದ ಮೇಲೆ ಕೂತಿದ್ದರು. ಎರಡೂ ಪತ್ರ ಓದಿಸಿಕೊಂಡರು.

"ಬೈದಿದ್ದಾರೋ, ಹೊಗಳಿದ್ದಾರೋ?"

"ಎರಡೂ ಅತ್ತೆ."

"ಹಾಗಾದ್ರೆ ಕೆಲಸ ನೋಡಿ ಬರೆದಿದ್ದಾರೆ. ಬರೀ ಹೊಗಳಿದ್ರೆ ನಂಬಬಾರದು."

ಗಂಡನಿಗೆ ಖುಷಿಯಾಗಿತ್ತು. ಹೊರಗೆ ಊಟಕ್ಕೆ ಹೋಗೋಣ ಎಂದ. ಆಮೇಲೆ ಏನೋ ನೆನಪಾಗಿ ಮುಖ ಸಣ್ಣದು ಮಾಡಿಕೊಂಡ. "ಹಾಗಾದ್ರೆ ಇನ್ನು ಮೇಲೆ ಅರ್ಧ ದಿನ..."

"ನೀವು ಅರ್ಧ, ನಾನು ಅರ್ಧ," ಎಂದಳು ತಾಳೆಯಕ್ಕ. "ಮುಂದಿನ ತಿಂಗಳ ಎಡಗಣ್ಣು ನಿಮ್ಮದು."

"ನಂದು ಕಣಪ್ಪ ಎಡಗಣ್ಣು," ಎಂದರು ಅತ್ತೆ. "ನಿನಗೆ ಬರೋದು ಕರ್ಕೊಂಡು ಹೋಗೋ ಕೆಲಸ. ನಾಳೆಯಿಂದ ಔಷಧಿ ಹಾಕೋದೂ ನಿನಗೇ. ಬೆಳಿಗ್ಗೆ ಏಳಕ್ಕೆ, ನೀಲಿ ಮುಚ್ಚಳದ್ದು."

ಶನಿವಾರ ಬೆಳಿಗ್ಗೆ ತಾಳೆಯಕ್ಕನಿಗೆ ಎಚ್ಚರವಾದಾಗ ಬಿಸಿಲು ಗೋಡೆಯ ಅರ್ಧಕ್ಕೆ ಬಂದಿತ್ತು. ಪಕ್ಕದ ಕೋಣೆಯಲ್ಲಿ ಅತ್ತೆ ಮಗನಿಗೆ ಹೇಳಿಕೊಡುತ್ತಿದ್ದರು: ರೆಪ್ಪೆ ಕೆಳಗೆ ಎಳಿ, ಒಂದೇ ಹನಿ, ಕೆನ್ನೆಗಲ್ಲ ಕಣೋ. ಸ್ವಲ್ಪ ಹೊತ್ತಿಗೆ ಅಡುಗೆಮನೆಯಲ್ಲಿ ಯಾವುದೋ ಪಾತ್ರೆ ಬಿದ್ದು ಉರುಳುತ್ತಾ ಹೋಗಿ ನಿಂತಿತು. ಸಕ್ಕರೆ ಡಬ್ಬ ಯಾವುದು ಎಂದು ಗಂಡ ಅಲ್ಲಿಂದಲೇ ಕೂಗಿ ಕೇಳಿದ. ಅವಳು ಉತ್ತರ ಕೊಡಲಿಲ್ಲ. ಡಬ್ಬಗಳು ಹತ್ತಿದ್ದವು, ಎಲ್ಲಕ್ಕೂ ಮುಚ್ಚಳವಿತ್ತು, ಒಂದೊಂದಾಗಿ ತೆಗೆದು ನೋಡಿದರೆ ಸಿಗುತ್ತಿತ್ತು. ಅವಳು ಇನ್ನೊಂದು ಮಗ್ಗುಲಿಗೆ ಹೊರಳಿ ಹೊದಿಕೆ ಎಳೆದುಕೊಂಡಳು.